ಮಾನವಿಯ ಆಚಾರ್ಯರು ದಾಸರಾದುದು
(ಶ್ರೀ ಜಗನ್ನಾಥದಾಸಾರ್ಯರ ಆರಾಧನಾ ನಿಮಿತ್ತ)

॥ ಶ್ರೀ ಗುರುಭ್ಯೋ ನಮಃ ಹರಿಃ ಓಂ ॥

ಗಣೇಶ ಚತುರ್ಥಿಯ ಸಡಗರವು ಮುಗಿದು ಐದು ದಿನಗಳಾಗುವಷ್ಟರಲ್ಲಿ ಭಾದ್ರಪದ ಶುದ್ಧ ನವಮಿಯು ಪ್ರಾಪ್ತವಾಗುತ್ತದೆ. ಅಂದು ಮಾನವಿಯಲ್ಲಿಯೂ, ದಾಸಸಾಹಿತ್ಯದ ಬಳಕೆಯುಳ್ಳ ಎಲ್ಲ ಊರುಗಳ ಮಠಮಂದಿರಗಳಲ್ಲಿಯೂ ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯು ಜರುಗುವುದು. ಹರಿಕಥಾಮೃತಸಾರದ ಪಾರಾಯಣ, ಪ್ರವಚನ, ಭಜನೆ, ತೀರ್ಥಪ್ರಸಾದ ಇವೆಲ್ಲವೂ ಯಥಾಶಕ್ತಿ ನಡೆಯುತ್ತವೆ. ಪ್ರವಚನದಲ್ಲಿ ಪ್ರತಿವರ್ಷವೂ ಒಂದು ಕಥೆಯು ಬಂದೇ ಬರುತ್ತದೆ. ಶ್ರೀನಿವಾಸಾಚಾರ್ಯರ ಹೊಟ್ಟೆನೋವಿನ ಕಥೆ. ಪಂಡಿತರು ಗರ್ವಪಟ್ಟರು, ದಾಸರನ್ನು ಉಪೇಕ್ಷಿಸಿದರು, ರೋಗ ಬಂದಿತು, ಶರಣು ಹೋದರು, ವಾಸಿಯಾಯಿತು. ಕೇಳುವವರು ತಲೆದೂಗಿ ಮಂಗಳಾರತಿಗೆ ಎದ್ದು ನಿಲ್ಲುತ್ತಾರೆ. ನಾವೂ ಅನೇಕ ವರ್ಷ ಹಾಗೆಯೇ ಕೇಳಿ ಎದ್ದು ಬಂದವರು. ಆದರೆ ಈ ಚರಿತ್ರೆಯನ್ನು ಸ್ವಲ್ಪ ನಿಧಾನಿಸಿ ನೋಡಿದರೆ ಅಪರಾಧ ಮತ್ತು ಶಿಕ್ಷೆ ಎಂಬ ಎರಡು ಮಾತುಗಳಲ್ಲಿ ಅದು ಮುಗಿಯುವಂಥದಲ್ಲವೆಂದು ನಮಗೆ ತೋರಿದುದರಿಂದ ಈ ವರ್ಷದ ಆರಾಧನೆಯ ನಿಮಿತ್ತ ಅದನ್ನೇ ಮತ್ತೊಮ್ಮೆ ಸ್ಮರಿಸಲು ಹೊರಟಿದ್ದೇವೆ.

ಈಗಿನ ರಾಯಚೂರು ಜಿಲ್ಲೆಯ ಮಾನವಿ ತಾಲೂಕಿನಲ್ಲಿ ಬ್ಯಾಗವಾಟವೆಂಬ ಗ್ರಾಮವಿದೆ. ಅಲ್ಲಿಯ ಕುಲಕರ್ಣಿಗಳಾಗಿದ್ದ ನರಸಪ್ಪನವರಿಗೂ ಲಕ್ಷ್ಮಕ್ಕನವರಿಗೂ ಕೀಲಕ ಸಂವತ್ಸರದ ಶ್ರಾವಣ ಮಾಸದಲ್ಲಿ, ಅಂದರೆ 1728ರಲ್ಲಿ, ಜನಿಸಿದ ಮಗನಿಗೆ ಶ್ರೀನಿವಾಸನೆಂದು ಹೆಸರಿಟ್ಟರು. ಹಿರಣ್ಯಕಶಿಪುವಿನ ಮಕ್ಕಳಲ್ಲಿ ಪ್ರಹ್ಲಾದರಾಜರ ತಮ್ಮನಾದ ಸಹ್ಲಾದನ ಅಂಶವೆಂದು ಸಂಪ್ರದಾಯವು ಇವರನ್ನು ಭಾವಿಸುತ್ತದೆ. ಬಾಲ್ಯದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಹುಡುಗನ ಬುದ್ಧಿಯು ಹರಿತವಾಗಿದ್ದಿತು. ವ್ಯಾಕರಣ, ನ್ಯಾಯ, ವೇದಾಂತಗಳಲ್ಲಿ ಪಾಠಗಳು ಬೇಗ ಬೇಗನೆ ಸಾಗಿದವು. ಮಂತ್ರಾಲಯ ಮಠದ ಪರಂಪರೆಯಲ್ಲಿ ಬಂದ ಶ್ರೀ ವರದೇಂದ್ರತೀರ್ಥರ ಹೆಸರನ್ನು ಇವರ ವಿದ್ಯಾಗುರುಗಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಯೌವನದಲ್ಲಿಯೇ ಅವರು ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳುವ ಶ್ರೀನಿವಾಸಾಚಾರ್ಯರೆಂದು ಪ್ರಸಿದ್ಧರಾದರು.

ಈ ಆಚಾರ್ಯ ಎಂಬ ಪದದ ತೂಕವನ್ನು ಇಂದಿನ ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ಕುಲಕರ್ಣಿ ಮನೆತನದ ಹುಡುಗನು ಲೆಕ್ಕದ ಬರಹವನ್ನು ಬಿಟ್ಟು ಶಾಸ್ತ್ರದ ಗದ್ದುಗೆಗೆ ಏರಿದನೆಂದರೆ ಅದು ಅವನೊಬ್ಬನ ಏರಿಕೆಯಲ್ಲ. ಅವನ ಹಿಂದೆ ಒಂದು ಮನೆತನವು, ಒಂದು ಊರು, ಪಾಠಕ್ಕೆ ಬಂದ ವಿದ್ಯಾರ್ಥಿಗಳ ಒಂದು ಗುಂಪು ನಿಂತಿರುತ್ತದೆ. ಸಭೆಯಲ್ಲಿ ವಾದ ಬಂದರೆ ಇವರೇ ಉತ್ತರಿಸಬೇಕು. ಅನುವಾದವನ್ನು ಇವರೇ ಮಾಡಬೇಕು. ಎಲ್ಲಿ ಕುಳಿತರೆ ಯಾರ ಸಮಕ್ಕೆ ಕುಳಿತಂತಾಯಿತೆಂಬುದನ್ನು ಹತ್ತು ಕಣ್ಣುಗಳು ನೋಡುತ್ತಿರುತ್ತವೆ. ಹೀಗೆ ಬಾಳುವವನಿಗೆ ತಾನು ಯಾರೆಂಬ ಪ್ರಶ್ನೆಯು ಏಳುವುದಕ್ಕೆ ಅವಕಾಶವೇ ದೊರೆಯುವುದಿಲ್ಲ. ಎಲ್ಲರೂ ದಿನವೂ ಉತ್ತರವನ್ನು ಹೇಳುತ್ತಲೇ ಇರುತ್ತಾರೆ.

ಅದೇ ಕಾಲಕ್ಕೆ ಅದೇ ತುಂಗಭದ್ರಾ ಸೀಮೆಯಲ್ಲಿ ದಾಸಪರಂಪರೆಯು ಮತ್ತೆ ಚಿಗುರಿದ್ದಿತು. ಮಾನವಿಗೆ ಸಮೀಪದ ಚೀಕಲಪರವಿಯಲ್ಲಿ 1682ರಲ್ಲಿ ಜನಿಸಿ, ಕಡುಬಡತನದಲ್ಲಿ ಬೆಳೆದು, ಕಾಶಿಯವರೆಗೆ ಅಲೆದು, ಸ್ವಪ್ನದಲ್ಲಿ ಶ್ರೀ ಪುರಂದರದಾಸರಿಂದ ಅಂಕಿತವನ್ನು ಪಡೆದ ಶ್ರೀ ವಿಜಯದಾಸರು ಊರೂರು ಸಂಚರಿಸಿ ಸುಳಾದಿ ಕೀರ್ತನೆಗಳಿಂದ ಜನರನ್ನು ಉದ್ಧರಿಸುತ್ತಿದ್ದರು. ವ್ಯಾಸಕೂಟ ದಾಸಕೂಟಗಳೆಂಬ ಎರಡು ಮಾತುಗಳು ನಮ್ಮಲ್ಲಿ ಬಳಕೆಯಲ್ಲಿವೆಯಾದರೂ ಸಿದ್ಧಾಂತವು ಒಂದೇ. ಶ್ರೀಪಾದರಾಜರೂ, ವ್ಯಾಸರಾಜರೂ, ವಾದಿರಾಜರೂ ಸಂಸ್ಕೃತದಲ್ಲಿ ಗ್ರಂಥ ರಚಿಸಿದ ಅದೇ ಹಸ್ತದಿಂದ ಕನ್ನಡದಲ್ಲಿಯೂ ಹಾಡಿದವರು. ಆದರೂ ದೊಡ್ಡವರು ಕೂಡಿಸಿದ್ದನ್ನು ಚಿಕ್ಕವರು ಬೇರ್ಪಡಿಸುವುದು ಲೋಕದಲ್ಲಿ ಉಂಟಷ್ಟೆ. ಗೆಜ್ಜೆ ಕಟ್ಟಿ ತಂಬೂರಿ ಹಿಡಿದು ಪ್ರಾಕೃತದಲ್ಲಿ ಹಾಡುವವರಿಗೆ ಶಾಸ್ತ್ರವೆಷ್ಟು ತಿಳಿದೀತೆಂಬ ತಾತ್ಸಾರವು ಕೆಲವು ವಿದ್ವಾಂಸರಲ್ಲಿ ಇದ್ದಿತು. ಶ್ರೀನಿವಾಸಾಚಾರ್ಯರಲ್ಲಿಯೂ ಅದು ಇದ್ದಿತೆಂದು ಸಂಪ್ರದಾಯವು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮಹಾತ್ಮರ ದೋಷವನ್ನು ಮರೆಮಾಡದೆ ಉಳಿಸಿಕೊಂಡು ಬಂದ ಈ ಪ್ರಾಮಾಣಿಕತೆಗಾಗಿ ನಾವು ನಮ್ಮ ಹಿರಿಯರಿಗೆ ಕೃತಜ್ಞರಾಗಿರಬೇಕು.

ವಿಜಯದಾಸರು ಒಮ್ಮೆ ಮಾನವಿಗೆ ದಯಮಾಡಿಸಿದರು. ಭಜನೆ, ಪೂಜೆ, ಸಂತರ್ಪಣೆ ಏರ್ಪಟ್ಟವು. ಊರಿನ ವಿದ್ವಾಂಸರಾದ ಆಚಾರ್ಯರನ್ನು ತೀರ್ಥಪ್ರಸಾದಕ್ಕೆ ಆಮಂತ್ರಿಸಿ ಶಿಷ್ಯರನ್ನು ಕಳುಹಿಸಿದರು. ಆಚಾರ್ಯರು ಬರಲಿಲ್ಲ. ಹೊತ್ತು ಮೀರಿ ಊಟ ಮಾಡಿದರೆ ತಮಗೆ ಹೊಟ್ಟೆನೋವು ಬರುವುದೆಂದು ಹೇಳಿ ಕಳುಹಿಸಿದರೆಂದು ಕೆಲವರು ಹೇಳುತ್ತಾರೆ. ಆಗಲೇ ಹೊಟ್ಟೆನೋವಿರುವುದೆಂದು ನೆಪ ಹೇಳಿದರೆಂದು ಮತ್ತೆ ಕೆಲವರು. ಹೇಗಿದ್ದರೂ ಅದು ಒಂದು ಸುಳ್ಳು, ಅದೂ ಬಹಳ ಚಿಕ್ಕ ಸುಳ್ಳು. ನಮ್ಮಲ್ಲಿ ಯಾರು ತಾನೇ ಅಂಥದನ್ನು ಹೇಳಿಲ್ಲ? ಮನಸ್ಸಿಲ್ಲದ ಮನೆಯ ಸಮಾರಂಭಕ್ಕೆ ಮೈ ಸರಿಯಿಲ್ಲವೆಂದು ಹೇಳಿ ಕಳುಹಿಸುವುದು ನಮಗೆ ಸುಳ್ಳೆಂದು ಸಹ ತೋರುವುದಿಲ್ಲ.

ಆದರೆ ಇಲ್ಲಿ ಒಂದಂಶವನ್ನು ಗಮನಿಸಬೇಕು. ದಾಸರಲ್ಲಿಗೆ ಬರಲು ತಮಗೆ ಇಷ್ಟವಿಲ್ಲವೆಂದು ಆಚಾರ್ಯರು ನೇರವಾಗಿ ಹೇಳಬಹುದಾಗಿತ್ತು. ಸಿದ್ಧಾಂತದ ಆಕ್ಷೇಪವಿದ್ದಿದ್ದರೆ ಸಭೆಯಲ್ಲಿ ಕೇಳಬಹುದಾಗಿತ್ತು. ಅವರು ನೆಪವನ್ನು ಆಶ್ರಯಿಸಿದರು. ಒಲ್ಲೆನೆಂದರೆ ದಾಸರಲ್ಲಿ ಭಕ್ತಿಯಿಟ್ಟ ಊರವರ ಅಸಮಾಧಾನ. ಹೋದರೆ ಪಂಡಿತವರ್ಗದಲ್ಲಿ ಲಘುತ್ವ. ಎರಡೂ ಕಡೆಯ ಜನರು ತಮ್ಮಿಂದ ಏನನ್ನು ನಿರೀಕ್ಷಿಸುತ್ತಾರೆಂಬುದೇ ಅವರ ನಾಲಿಗೆಯನ್ನು ನಡೆಸಿತು. ಗರ್ವವೆಂದು ಪ್ರವಚನಕಾರರು ಕರೆಯುವುದನ್ನು ನಾವು ಅಂಜಿಕೆಯೆಂದು ಕರೆಯಲು ಇಚ್ಛಿಸುತ್ತೇವೆ. ಇದು ನಮ್ಮ ಅಭಿಪ್ರಾಯ. ಹಿರಿಯರು ಬೇರೆ ವಿಧವಾಗಿ ತಿಳಿದಿದ್ದರೆ ಕ್ಷಮಿಸಬೇಕು.

ನೆಪವಾಗಿ ಹೇಳಿದುದು ನಿಜವಾಯಿತು. ಉದರಶೂಲೆಯು ಪ್ರಾಪ್ತವಾಗಿ ಅನ್ನವು ಇಳಿಯದಾಯಿತು. ಔಷಧಗಳು ನಡೆಯಲಿಲ್ಲ. ಪಾಠ ನಿಂತಿತು, ದೇಹವು ಕೃಶವಾಯಿತು. ಕೊನೆಗೆ ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ಶ್ರೀ ರಾಘವೇಂದ್ರಗುರುಸಾರ್ವಭೌಮರ ವೃಂದಾವನ ಸನ್ನಿಧಿಯಲ್ಲಿ ಸೇವೆಗೆ ನಿಂತರು. 1671ರಲ್ಲಿ ವೃಂದಾವನ ಪ್ರವೇಶ ಮಾಡಿದ ಗುರುಗಳು ಪಂಡಿತರಿಗೂ ಪಾಮರರಿಗೂ ಸಮಾನವಾಗಿ ಆಶ್ರಯದಾತರು. ಅದರ ಮೇಲೆ ರಾಯರು ಸ್ವತಃ ಪರಿಮಳಾಚಾರ್ಯರು, ಗ್ರಂಥಕಾರರು. ಶಾಸ್ತ್ರಜ್ಞನೊಬ್ಬನು ಕಷ್ಟದಲ್ಲಿ ಹೋಗಬೇಕಾದ ಸ್ಥಾನ ಅದೇ, ಅಲ್ಲಿಂದ ಪರಿಹಾರ ದೊರೆತರೆ ಯಾರ ಮುಂದೆಯೂ ಮಾನಕ್ಕೆ ಕುಂದಿಲ್ಲ.

ರಾಯರು ರೋಗವನ್ನು ಕಳೆಯಲಿಲ್ಲ. ಸ್ವಪ್ನದಲ್ಲಿ ದರ್ಶನವಿತ್ತು, ಇದು ವಿಜಯದಾಸರ ವಿಷಯದಲ್ಲಿ ನಡೆದ ಅಪಚಾರದ ಫಲವೆಂದೂ, ಅವರಲ್ಲಿಗೇ ಹೋಗಿ ಶರಣಾಗಬೇಕೆಂದೂ ಅಪ್ಪಣೆ ಮಾಡಿದರು. ಆಚಾರ್ಯರು ವಿಜಯದಾಸರಲ್ಲಿಗೆ ಹೋದರು. ಸುಳ್ಳು ಹೇಳಿದ ಮನುಷ್ಯನು ಅದನ್ನು ಕೇಳಿಸಿಕೊಂಡವರ ಎದುರಿಗೆ ನಿಲ್ಲುವುದಕ್ಕೆ ಎಷ್ಟು ಬಲ ಬೇಕಾಗುವುದೆಂಬುದನ್ನು ಅನುಭವಿಗಳೇ ಬಲ್ಲರು. ವಿಜಯದಾಸರು ನಿಂದಿಸಲಿಲ್ಲ. ಹಾಗೆಂದು ತಾವೇ ಅನುಗ್ರಹಿಸಿ ಕಳುಹಿಸಲೂ ಇಲ್ಲ. ತಮ್ಮ ಶಿಷ್ಯನಾದ ಭಾಗಣ್ಣನಲ್ಲಿಗೆ ಹೋಗಬೇಕೆಂದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕೆನಿಸುತ್ತದೆ. ರೋಗಿಯು ರಾಯರಲ್ಲಿ ಹೋದರೆ ದಾಸರಲ್ಲಿಗೆ, ದಾಸರಲ್ಲಿ ಹೋದರೆ ದಾಸರ ಶಿಷ್ಯನಲ್ಲಿಗೆ. ಪ್ರತಿಯೊಂದು ಬಾಗಿಲಿನಲ್ಲಿಯೂ ದೊರೆಯಬೇಕಾದುದು ದೊರೆಯುವುದಿಲ್ಲ, ಮುಂದಿನ ಬಾಗಿಲು ಮಾತ್ರ ಲೋಕದೃಷ್ಟಿಯಲ್ಲಿ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿರುತ್ತದೆ. ಭಾಗಣ್ಣನೆಂದರೆ ಯಾರು? 1721ರಲ್ಲಿ ಮೊಸರಕಲ್ಲಿನಲ್ಲಿ ಜನಿಸಿ, ಬಡತನದಲ್ಲಿ ಬೆಳೆದು, ಗಾಯತ್ರೀ ಜಪದಿಂದ ಸಿದ್ಧಿಯನ್ನು ಪಡೆದು, ಬಂದವರಿಗೆ ಭವಿಷ್ಯವನ್ನು ಹೇಳುತ್ತ ಉತ್ತನೂರಿನಲ್ಲಿ ನೆಲೆಸಿದ್ದ ಬ್ರಾಹ್ಮಣ. ಆ ಉತ್ತನೂರು ಇಂದು ತೆಲಂಗಾಣದ ಗದ್ವಾಲ ಸೀಮೆಗೆ ಸೇರಿದೆ. ವಯಸ್ಸಿನಲ್ಲಿ ಆಚಾರ್ಯರಿಗಿಂತ ಏಳು ವರ್ಷ ಮಾತ್ರ ದೊಡ್ಡವರು. ಪಾಠಶಾಲೆಯ ಅಳತೆಯಿಂದ ನೋಡಿದರೆ ಮಾನವಿಯ ಆಚಾರ್ಯರು ಅವರಿಗೆ ಪಾಠ ಹೇಳಬೇಕಾದವರು. ಅವರೇ ನಮ್ಮ ಶ್ರೀ ಗೋಪಾಲದಾಸರು, ಭಕ್ತಿಯಲ್ಲಿ ಭಾಗಣ್ಣನೆಂದು ಮನೆ ಮನೆಯ ಮಕ್ಕಳೂ ಹೇಳುವವರು. ಆದರೆ ಅಂದು ಉತ್ತನೂರಿನ ದಾರಿ ಹಿಡಿದ ರೋಗಿಗೆ ಅದು ತಿಳಿದಿರಲಿಲ್ಲ. ತನ್ನ ಬಗೆಗೆ ತಾನೇ ಇಟ್ಟುಕೊಂಡಿದ್ದ ಭಾವನೆಗಳಲ್ಲಿ ಒಂದೊಂದನ್ನು ಒಂದೊಂದು ಹರದಾರಿಗೆ ಇಳಿಸುತ್ತ ಅವರು ನಡೆದಿರಬೇಕು.

ಗೋಪಾಲದಾಸರು ಬಂದವರನ್ನು ಆದರದಿಂದ ಬರಮಾಡಿಕೊಂಡರು. ಇವರಿಗೆ ಅಪಮೃತ್ಯುವಿರುವುದನ್ನು ಅರಿತು, ಗುರುಗಳ ಆಜ್ಞೆಯಂತೆ ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದುಕೊಟ್ಟರೆಂದು ಸಂಪ್ರದಾಯ. ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ರೊಟ್ಟಿಯನ್ನು ಮಂತ್ರಿಸಿ ಕೊಟ್ಟರು. ಗಂಜಿಯೂ ಸಲ್ಲದ ಹೊಟ್ಟೆಗೆ ಜೋಳದ ರೊಟ್ಟಿ! ನಮ್ಮ ರಾಯಚೂರು ಕಡೆಯ ದಪ್ಪ ರೊಟ್ಟಿಯನ್ನು ಬಲ್ಲವರಿಗೆ ಇದರ ಸ್ವಾರಸ್ಯ ತಿಳಿಯುತ್ತದೆ. ಆಚಾರ್ಯರು ತಿಂದರು. ನೋವು ಹೋಯಿತು. ದೊಡ್ಡ ಸಂತರ್ಪಣೆಯಲ್ಲಿ ತಪ್ಪಿಸಿಕೊಂಡ ಪ್ರಸಾದವು ಬಡವರ ಮನೆಯ ರೊಟ್ಟಿಯಾಗಿ ದೊರೆತಂತಾಯಿತು.

ಆಯುರ್ದಾನದ ಮಾತನ್ನು ಇಂದಿನವರು ಹೇಗೆ ಗ್ರಹಿಸುವರೋ ಅವರಿಗೆ ಬಿಟ್ಟದ್ದು. ಕಾಲಗಣನೆಯಂತೂ ಹೀಗಿದೆ. ಗೋಪಾಲದಾಸರು ಚಿತ್ರಭಾನು ಸಂವತ್ಸರದ ಪುಷ್ಯ ಬಹುಳ ಅಷ್ಟಮಿಯಂದು, ಲೋಕದ ಲೆಕ್ಕದಲ್ಲಿ 1762ನೆಯ ಆ ಸಂವತ್ಸರದಲ್ಲಿ, ನಲವತ್ತನ್ನು ದಾಟುತ್ತಿರುವಂತೆಯೇ ಹರಿಪುರವನ್ನು ಸೇರಿದರು. ಅವರಿಂದ ಜೀವದಾನ ಪಡೆದವರು ಅನಂತರ ಸುಮಾರು 47 ವರ್ಷ ಬದುಕಿ 81ರ ವಯಸ್ಸನ್ನು ಮುಟ್ಟಿದರು. ಆ ಅಷ್ಟೂ ವರ್ಷಗಳನ್ನು, ಇದು ನನ್ನದಲ್ಲ ಎಂಬ ಅರಿವಿನಿಂದ ಕಳೆಯುವುದೆಂದರೆ ಅದು ಎಂಥ ಜೀವನವಾಗಿರಬೇಕು! ಶ್ರೀನಿವಾಸಾಚಾರ್ಯರ ಕೀರ್ತಿಯನ್ನು ಬೆಳೆಸುವುದಕ್ಕಾಗಿ ಯಾರೂ ತಮ್ಮ ಆಯುಸ್ಸನ್ನು ಕೊಟ್ಟಿರಲಿಲ್ಲ.

ಗೋಪಾಲದಾಸರು ಅವರನ್ನು ಪಂಢರಪುರಕ್ಕೆ ಕಳುಹಿಸಿದರು. ಚಂದ್ರಭಾಗಾ ನದಿಯಲ್ಲಿ ಸ್ನಾನಕ್ಕೆ ಇಳಿದಾಗ ಜಗನ್ನಾಥವಿಠಲ ಎಂಬ ಅಂಕಿತವುಳ್ಳ ಶಿಲೆಯು ದೊರೆಯಿತು. ಅಂದಿನಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಆಚಾರ್ಯಪದವಿಯನ್ನು ವಿದ್ಯೆಯಿಂದ ಗಳಿಸಿದ್ದರು. ದಾಸನಾಮವು ಗಳಿಸದೆ ಬಂದಿತು.

ಇದಾದ ಮೇಲೆ ಅವರು ಬೇರೆ ಊರಿಗೆ ಹೋಗಲಿಲ್ಲ. ತಮ್ಮನ್ನು ಯಾರೂ ಅರಿಯದ ಕಡೆ ಹೊಸದಾಗಿ ಬಾಳನ್ನು ಕಟ್ಟಿಕೊಳ್ಳುವುದು ಸುಲಭವಾಗುತ್ತಿತ್ತು. ಅವರು ಮರಳಿ ಮಾನವಿಗೇ ಬಂದರು. ಅದೇ ಬೀದಿ, ಅದೇ ಪಂಡಿತರು, ಅದೇ ಶಿಷ್ಯರು. ವಾಕ್ಯಾರ್ಥ ಹೇಳುತ್ತಿದ್ದವರ ಕೈಯಲ್ಲಿ ತಂಬೂರಿ, ಕಾಲಲ್ಲಿ ಗೆಜ್ಜೆ. ನೋಡಿದವರು ಏನೆಂದರೆಂಬುದನ್ನು ಊಹಿಸುವುದು ಕಷ್ಟವಲ್ಲ. ದಾಸರ ಕೃತಿಗಳನ್ನು ಓದಿದರೆ ಮಾತ್ರ ಆ ಮಾತುಗಳು ಅವರನ್ನು ನೋಯಿಸಿದುವೆಂದು ಎಲ್ಲಿಯೂ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಜಗನ್ನಾಥದಾಸರು ಶಾಸ್ತ್ರವನ್ನು ಬಿಟ್ಟು ಹಾಡಿಗೆ ಬಂದರೆಂದು ಕೆಲವರು ಹೇಳುವುದನ್ನು ನಾವು ಕೇಳಿದ್ದೇವೆ. ಹರಿಕಥಾಮೃತಸಾರವನ್ನು ಒಮ್ಮೆಯಾದರೂ ಅರ್ಥಸಹಿತ ಕೇಳಿದವರು ಹಾಗೆ ಹೇಳಲಾರರು. ಸಾವಿರಕ್ಕೆ ಸಮೀಪದ ಭಾಮಿನಿ ಷಟ್ಪದಿಗಳಲ್ಲಿ, 32 ಸಂಧಿಗಳಲ್ಲಿ, ಶ್ರೀಮದಾಚಾರ್ಯರ ಸಿದ್ಧಾಂತದ ಸಾರವೆಲ್ಲ ಅಲ್ಲಿದೆ. ಪಂಚಭೇದ, ತಾರತಮ್ಯ, ಬಿಂಬೋಪಾಸನೆ, ನಾಡೀಪ್ರಕರಣ, ಮಾತೃಕಾಸಂಧಿ, ದತ್ತಸ್ವಾತಂತ್ರ್ಯ ಇವು ಹಾಡಿ ಮರೆಯುವ ವಿಷಯಗಳಲ್ಲ. ಸಂಸ್ಕೃತದಲ್ಲಿ ವ್ಯಾಖ್ಯಾನವನ್ನು ಪಡೆದ ಕನ್ನಡ ಗ್ರಂಥವೆಂಬ ಹಿರಿಮೆಯೂ ಇದಕ್ಕಿದೆ. ಸಂಕರ್ಷಣ ಒಡೆಯರು ರಚಿಸಿದ ವ್ಯಾಖ್ಯಾನವು ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಪ್ರಾಕೃತವೆಂದು ಒಂದು ಕಾಲಕ್ಕೆ ಯಾರು ಮೂಗುಮುರಿದಿದ್ದರೋ ಅವರ ಕನ್ನಡಕ್ಕೇ ಸಂಸ್ಕೃತವು ಟೀಕೆಯಾಗಿ ಬಂದು ನಿಂತಿತು. ಕಲಿತ ವಿದ್ಯೆಯಲ್ಲಿ ಒಂದಕ್ಷರವೂ ವ್ಯರ್ಥವಾಗಲಿಲ್ಲ. ಅದನ್ನು ಯಾರಿಗಾಗಿ ಹೇಳಬೇಕೆಂಬುದು ಮಾತ್ರ ಬದಲಾಯಿತು.

ಭೋಜನರಸವಿಭಾಗ ಎಂಬ ಸಂಧಿಯೊಂದು ಆ ಗ್ರಂಥದಲ್ಲಿದೆ. ನಾವು ಉಣ್ಣುವ ಅನ್ನದ ರಸವನ್ನು ಒಳಗಿದ್ದು ಸ್ವೀಕರಿಸುವವನು ಯಾರು, ಅದು ಹೇಗೆ ವಿಭಾಗವಾಗುತ್ತದೆ ಎಂಬ ವಿಚಾರವು ಅಲ್ಲಿದೆ. ಅನ್ನ, ಹಾಲು, ತುಪ್ಪ, ಭಕ್ಷ್ಯಗಳ ಒಂದೊಂದರಲ್ಲಿಯೂ ಯಾವ ಅಭಿಮಾನಿ ದೇವತೆಯನ್ನು, ಯಾವ ಭಗವದ್ರೂಪವನ್ನು ಚಿಂತಿಸಬೇಕೆಂಬುದನ್ನೂ ಗ್ರಂಥವು ವಿವರಿಸುತ್ತದೆ. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗ ನಮ್ಮ ಹಿರಿಯರು ಈ ಅನುಸಂಧಾನವನ್ನು ಮಾಡಿಯೇ ಚಿತ್ರಾವತಿ ಇಡುತ್ತಿದ್ದುದನ್ನು ನಾವು ಕಂಡಿದ್ದೇವೆ. ಊಟಕ್ಕೆ ಕರೆದಾಗ ನೆಪ ಹೇಳಿ ತಪ್ಪಿಸಿಕೊಂಡವರೇ ಮುಂದೆ ಊಟವೆಂದರೇನೆಂಬುದನ್ನು ಮಾಧ್ವ ಸಮಾಜಕ್ಕೆ ಕಲಿಸಿಕೊಟ್ಟರು. ಶ್ವಾಸಸಂಧಿಯನ್ನು ನೋಡಿದರೂ ಹೀಗೆಯೇ. ದಿನವೊಂದಕ್ಕೆ 21,600 ಸಲ ಮುಖ್ಯಪ್ರಾಣರು ನಮ್ಮೊಳಗಿದ್ದು ನಡೆಸುವ ಹಂಸಮಂತ್ರದ ಜಪವನ್ನು ಅಲ್ಲಿ ನಿರೂಪಿಸಿದ್ದಾರೆ. ತನ್ನ ಉಸಿರು ತನ್ನದಲ್ಲವೆಂಬುದನ್ನು ಗ್ರಂಥದಿಂದ ಬಲ್ಲವರು ಅನೇಕರು. ದಾಸರು ಅದನ್ನು ದಾನವಾಗಿ ಪಡೆದು ಬಲ್ಲವರು.

ತತ್ತ್ವಸುವ್ವಾಲಿಯನ್ನು ಇಲ್ಲಿ ನೆನೆಯದಿದ್ದರೆ ಚರಿತ್ರೆಯು ಪೂರ್ಣವಾಗುವುದಿಲ್ಲ. ಸುವ್ವಿ ಎಂಬುದು ಒರಳಿನಲ್ಲಿ ಧಾನ್ಯ ಕುಟ್ಟುವಾಗ ಹೆಂಗಸರು ಹಾಡುವ ಹಾಡಿನ ಸೊಲ್ಲು. ಒನಕೆ ಏರಿ ಇಳಿಯುವ ಲಯಕ್ಕೆ ಅದು ಹೊಂದಿಕೊಂಡಿದೆ. ಆ ಧಾಟಿಯನ್ನು ಹಿಡಿದು, ತ್ರಿಪದಿಯಲ್ಲಿ, ದೇವತಾಸ್ತುತಿಯನ್ನೂ ತತ್ತ್ವವನ್ನೂ ದಾಸರು ಹೇಳಿದರು. ತರ್ಕದ ಪಂಕ್ತಿಗಳನ್ನು ಬಿಡಿಸುತ್ತಿದ್ದ ಬುದ್ಧಿಯು ಹಿತ್ತಿಲ ಒರಳಿನ ಬಳಿಗೆ ಬಂದು ಕುಳಿತಿತೆಂದರೆ ಅದರಲ್ಲಿ ಆಶ್ಚರ್ಯಪಡಬೇಕಾದುದು ಬಹಳವಿದೆ. ಆ ಕಾಲದಲ್ಲಿ ಪಾಠಶಾಲೆಯ ಹೊಸ್ತಿಲನ್ನು ದಾಟದಿದ್ದ ನಮ್ಮ ತಾಯಂದಿರು, ಅಜ್ಜಿಯಂದಿರು ತಾರತಮ್ಯವನ್ನು ಬಾಯಿಪಾಠವಾಗಿ ಬಲ್ಲವರಾಗಿದ್ದರೆ ಅದಕ್ಕೆ ಇಂಥ ಕೃತಿಗಳೇ ಕಾರಣ. ಹತ್ತು ವರ್ಷ ಓದಿದವರು ತಡವರಿಸುವ ಕಡೆಯಲ್ಲಿ ಅಜ್ಜಿಯೊಬ್ಬರು ಬತ್ತಿ ಹೊಸೆಯುತ್ತ ಮುಂದಿನ ಸಾಲನ್ನು ಎತ್ತಿಕೊಟ್ಟುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ.

ನಮ್ಮ ಸಿದ್ಧಾಂತದಲ್ಲಿ ಜೀವನಿಗೆ ಅವನದೇ ಆದ ಒಂದು ಸ್ವರೂಪವಿದೆ. ಒಬ್ಬನ ಸ್ವರೂಪವು ಇನ್ನೊಬ್ಬನದರಂತಿಲ್ಲ. ಅದನ್ನು ಯಾರೂ ಕೊಟ್ಟುದಲ್ಲ, ಯಾರೂ ಕಸಿಯಲಾರರು. ಬಿಂಬನಾದ ಶ್ರೀಹರಿಯ ಪ್ರತಿಬಿಂಬವಾಗಿ ಅದು ಅನಾದಿಯಿಂದ ಇದ್ದೇ ಇದೆ. ಸಾಧನೆಯೆಂದರೆ ಹೊಸದೊಂದನ್ನು ಸಂಪಾದಿಸುವುದಲ್ಲ, ಮುಚ್ಚಿರುವ ಆವರಣವು ಸರಿಯುವುದು. ಇದನ್ನು ನಾವು ಪ್ರವಚನಗಳಲ್ಲಿ ಸಾಕಷ್ಟು ಕೇಳುತ್ತೇವೆ. ಆದರೆ ಆವರಣವೆಂದೊಡನೆ ಪಾಪ, ಕಾಮ, ಕ್ರೋಧಗಳನ್ನು ಮಾತ್ರ ನೆನೆಯುತ್ತೇವೆ. ವಿದ್ಯೆಯೂ, ಗೌರವವೂ, ಹತ್ತು ಜನರು ನಮ್ಮಲ್ಲಿ ಇಟ್ಟ ಭರವಸೆಯೂ ಆವರಣವಾಗಬಲ್ಲವೆಂಬುದನ್ನು ಶ್ರೀನಿವಾಸಾಚಾರ್ಯರ ಚರಿತ್ರೆಯಿಂದಲೇ ನಾವು ಅರಿತೆವು. ಮಕ್ಕಳ ಪರೀಕ್ಷೆಯ ಅಂಕಗಳನ್ನು ನೆರೆಮನೆಯವರ ಮಕ್ಕಳ ಅಂಕಗಳೊಂದಿಗೆ ತೂಗಿ ನೋಡುವ ತಂದೆತಾಯಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ; ನಾವೂ ಅವರಲ್ಲಿ ಸೇರಿದವರೇ. ನರಸಪ್ಪನವರ ಮಗನು ಆಚಾರ್ಯನಾಗಿಯೇ ಉಳಿದಿದ್ದರೆ ಯಾವ ತಂದೆಗೂ ಕೊರತೆಯೆನಿಸುತ್ತಿರಲಿಲ್ಲ, ಊರಿಗೂ ಕೀರ್ತಿಯಿರುತ್ತಿತ್ತು. ಹರಿಕಥಾಮೃತಸಾರ ಮಾತ್ರ ಇರುತ್ತಿರಲಿಲ್ಲ.

ಮಾನವಿಯಲ್ಲಿ ಅವರಿಂದ ಉಪದೇಶ ಪಡೆದವರು ಅನೇಕರು. ಲಿಂಗಸುಗೂರಿನ ಪ್ರಾಣೇಶದಾಸರು, ಶ್ರೀದವಿಠಲಾಂಕಿತರಾದ ಕರ್ಜಗಿ ದಾಸಪ್ಪನವರು ಅವರಲ್ಲಿ ಪ್ರಮುಖರು. ಪಾಠಶಾಲೆಯ ಶಿಷ್ಯರಿಗೆ ಬದಲಾಗಿ ದಾಸಶಿಷ್ಯರ ಒಂದು ಕುಟುಂಬವೇ ಬೆಳೆಯಿತು. ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು, 1809ರಲ್ಲಿ, ದಾಸಾರ್ಯರು ಮಾನವಿಯಲ್ಲಿಯೇ ಹರಿಧ್ಯಾನಪರರಾಗಿ ದೇಹವನ್ನು ಬಿಟ್ಟರು. ಅಲ್ಲಿಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ಇಂದಿಗೂ ಪ್ರದಕ್ಷಿಣೆ ಬಂದು ಸೇವೆ ಸಲ್ಲಿಸುತ್ತಾರೆ.

ಗ್ರಂಥಕರ್ತರು ತಮ್ಮ ಗ್ರಂಥದ ಕೊನೆಗೆ ಫಲಶ್ರುತಿಯನ್ನು ತಾವೇ ಹೇಳಿಕೊಳ್ಳುವುದುಂಟು. ಹರಿಕಥಾಮೃತಸಾರಕ್ಕೆ ಫಲಶ್ರುತಿಯನ್ನು ರಚಿಸಿದವರು ಶಿಷ್ಯರಾದ ಶ್ರೀದವಿಠಲರು. ಪಾರಾಯಣವನ್ನು ಮುಗಿಸುವಾಗ ಇಂದಿಗೂ ನಮ್ಮ ಮಂದಿರಗಳಲ್ಲಿ ಗುರುಗಳ 32 ಸಂಧಿಗಳಾದ ಮೇಲೆ ಶಿಷ್ಯರ ಆ ಸಂಧಿಯನ್ನು ಹೇಳಿಯೇ ಪುಸ್ತಕವನ್ನು ಮುಚ್ಚುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥